ರಾಜಕುಮಾರನ ವಂಶಾವಳಿಗೆ ಚಾಕು ಹಾಕಿದ್ದು

ನಾನು ಕೆಲಸ ಮಾಡಿದ ಬೈಂಡಿಂಗ್ ಅಂಗಡಿಗೆ ಹೊಸದಾಗಿ ಸೇರಿದ ಹುಡುಗಿಯರಿಬ್ಬರು ಕಳೆದ ತಿಂಗಳು ಬಹರೈನಿನ ಹೂರಾದಲ್ಲಿರುವ ನನ್ನ ಫ್ಲ್ಯಾಟಿಗೆ ಬಂದಿದ್ದರು. ಒಬ್ಬಳು ಉಡುಪಿಯವಳು, ಇನ್ನೊಬ್ಬಳು ಮೈಸೂರಿನವಳು. ಇಬ್ಬರೂ ಕಲಿತವರು. ಕಾಗದದಲ್ಲಿ ಹುಳಿ ಎಷ್ಟಿದೆ ಎಂದು ತೋರಿಸುವ ಪೆನ್ಸಿಲು ಅವರ ಚೀಲದಲ್ಲೇ ಇರುತ್ತದೆ. ನಾನು ಮೂಸಿ, ಮೂಲೆ ಮಡಚಿ ನೋಡಿ ಹೇಳುತ್ತಿದ್ದೆ. ಚಹಾ ಮುಗಿದ ಮೇಲೆ, ಬೈಂಡಿಂಗ್ ಕೆಲಸ ನಿಜವಾಗಿ ಹೇಗಿರುತ್ತದೆ ಎಂದು ಸ್ವಲ್ಪ ಬರೆದುಕೊಡಿ ಸೆವ್ರಿನ್ ಬಾಯಿ ಎಂದು ಕೇಳಿದರು. ಬರೆಯುತ್ತೇನೆ. ಆದರೆ ಯಾವಾಗ ಹೆಡ್ ಬೈಂಡರ್ ಆದೆ, ಯಾವಾಗ ಸಂಬಳ ಏರಿತು ಎಂಬುದನ್ನೆಲ್ಲ ಬಿಟ್ಟುಬಿಡುತ್ತೇನೆ. ಅದನ್ನು ಓದಿ ಯಾರಿಗೂ ಒಂದು ಹೊಲಿಗೆ ಬರುವುದಿಲ್ಲ. ತಪ್ಪುಗಳನ್ನು ಬರೆಯುತ್ತೇನೆ. ತಪ್ಪುಗಳ ವಿಷಯದಲ್ಲಿ ನಾನು ಶ್ರೀಮಂತೆ.

ಕೆಲಸ ಕಲಿತದ್ದು ಮಂಗಳೂರಿನ ಒಂದು ಹಳೆಯ ಮುದ್ರಣಾಲಯದಲ್ಲಿ. ಅಲ್ಲಿ ಹೊಲಿಗೆಯೆಲ್ಲ ಹೆಂಗಸರದು. ಸಾಲಾಗಿ ಬೆಂಚಿನ ಮೇಲೆ ಕೂತು ಇಗರ್ಜಿಗಳ ಜ್ಞಾನಸ್ನಾನದ ರಿಜಿಸ್ಟರು, ಶಾಲೆಗಳ ಹಾಜರಿ ಪುಸ್ತಕ, ವಕೀಲರ ದಪ್ಪ ಸಂಪುಟ ಹೊಲಿಯುತ್ತಿದ್ದೆವು. ಪೌಲ್ ಮಾಸ್ತರರು ನಮ್ಮ ಮೇಲಿನವರು. ಮೈದಾ ಗಂಜಿಗೆ ಮೈಲುತುತ್ತ ಹಾಕಿ ಕಾಯಿಸುವುದು, ಎಲುಬಿನ ಪಟ್ಟಿಯಿಂದ ಮಡಿಕೆ ಒತ್ತುವುದು, ದಾರಕ್ಕೆ ಮೇಣ ಸವರುವುದು, ಎಲ್ಲ ಅವರೇ ಕಲಿಸಿದ್ದು. ಹೊರದೇಶದಿಂದ ಕೆಲವು ಪುಸ್ತಕಗಳು ಅಂಚು ಬಿಡಿಸದೆ ಬರುತ್ತಿದ್ದವು. ಹಾಳೆಗಳು ಹೊರಗಡೆ ಕೂಡಿಕೊಂಡೇ ಇರುತ್ತಿದ್ದವು. ಅವನ್ನು ಚಾಕುವಿನಿಂದ ನಯವಾಗಿ ಬಿಡಿಸಿಕೊಡುವುದು ಬೈಂಡರನ ಮರ್ಯಾದೆ ಎಂದು ಮಾಸ್ತರರು ಹೇಳುತ್ತಿದ್ದರು. ಓದುಗನ ಕೈಗೆ ಚಾಕು ಕೊಡಬೇಡ, ಪುಸ್ತಕ ಕೊಡು ಎನ್ನುತ್ತಿದ್ದರು. ಆ ಮಾತು ನನ್ನ ಕೈಯಲ್ಲಿ ಕೂತುಬಿಟ್ಟಿತು.

ಗಂಡನ ಹಿಂದೆ ಬಹರೈನಿಗೆ ಬಂದು ಎರಡು ವರ್ಷ ಸುಮ್ಮನೆ ಕೂತೆ. ಆಮೇಲೆ ಹೂರಾದ ಒಳರಸ್ತೆಯಲ್ಲಿ ಹಾಜಿಯವರ ಬೈಂಡಿಂಗ್ ಅಂಗಡಿ ಸಿಕ್ಕಿತು. ಹಾಜಿ ಇಲ್ಲಿಯವರೇ. ಅವರ ತಂದೆ ಮುಂಬೈಯಲ್ಲಿ ವ್ಯಾಪಾರ ಮಾಡಿದವರಾದ್ದರಿಂದ ಮನೆಯಲ್ಲೇ ಹಿಂದಿ ಕಲಿತಿದ್ದರು. ಡಿಪ್ಲೊಮ್ಯಾಟಿಕ್ ಏರಿಯಾದ ಬ್ಯಾಂಕುಗಳ ವರದಿ, ಸಲ್ಮಾನಿಯಾದ ಆಸ್ಪತ್ರೆಯ ದಪ್ಪ ರಿಜಿಸ್ಟರು, ಕಾಲೇಜು ಮಕ್ಕಳ ಪ್ರಬಂಧ, ಮನೆ ಮನೆಯ ಹಳೆಯ ಕುರಾನು, ಹೀಗೆ ನಮ್ಮ ಮೇಜಿಗೆ ಬಾರದ ಪುಸ್ತಕವಿಲ್ಲ. ಸೇರಿದ ಮೊದಲ ತಿಂಗಳಲ್ಲೇ ಒಂದು ಅರಬ್ಬಿ ವರದಿಯ ನೂರು ಪ್ರತಿಗಳನ್ನು ನಮ್ಮ ಪುಸ್ತಕದ ಹಾಗೆ ಎಡಗಡೆ ಹೊಲಿದು, ರಟ್ಟು ಹಾಕಿ, ಚಂದಕ್ಕೆ ಜೋಡಿಸಿಟ್ಟೆ. ಅರಬ್ಬಿ ಪುಸ್ತಕ ಬಲದಿಂದ ತೆರೆಯುತ್ತದೆ ಎಂದು ಗೊತ್ತಿರಲಿಲ್ಲವೇ ಅಂದರೆ, ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ. ಹಾಜಿ ಬೈಯಲಿಲ್ಲ. ನೂರನ್ನೂ ನನ್ನಿಂದಲೇ ಬಿಚ್ಚಿಸಿ, ನನ್ನಿಂದಲೇ ಹೊಲಿಸಿದರು. ಗುರುತಿಲ್ಲದ ಪುಸ್ತಕ ಬಂದರೆ ಮೊದಲು ಕೇಳು, ಆಮೇಲೆ ಮುಟ್ಟು ಎಂದಷ್ಟೇ ಹೇಳಿದರು. ಬೈದಿದ್ದರೆ ಒಂದೇ ದಿನಕ್ಕೆ ಮರೆತುಬಿಡುತ್ತಿದ್ದೆ.

ಕಾಲ ಕಳೆದಂತೆ ಕೆಲಸ ಬದಲಾಯಿತು. ಮೈಲುತುತ್ತ ಹಾಕಿದ ಗಂಜಿ ಹುಳ ಬರದಂತೆ ತಡೆಯುತ್ತದೆ ನಿಜ, ಆದರೆ ವರ್ಷಗಳ ಮೇಲೆ ಕಾಗದವನ್ನೇ ಕಂದು ಮಾಡಿ ಪುಡಿಮಾಡುತ್ತದೆ. ನಾನೇ ಹೊಲಿದ ಒಂದು ರಿಜಿಸ್ಟರು ಇಪ್ಪತ್ತು ವರ್ಷದ ಮೇಲೆ ರಿಪೇರಿಗೆ ಮರಳಿ ಬಂದಾಗ ಅದನ್ನು ಕಣ್ಣಾರೆ ಕಂಡೆ. ಅಂದಿನಿಂದ ಬರೀ ಗೋಧಿಯ ಪಿಷ್ಟ, ದಿನದಿನಕ್ಕೆ ಹೊಸದು. ಪೌಲ್ ಮಾಸ್ತರರ ಪಾಠ ಬಿಟ್ಟದ್ದಕ್ಕೆ ಎರಡು ದಿನ ಬೇಸರವಾಗಿತ್ತು. ಅಷ್ಟರಲ್ಲಿ ಕಂಪ್ಯೂಟರ್ ಬಂದು ರಿಜಿಸ್ಟರುಗಳೇ ಕಡಿಮೆಯಾದವು. ಬಿಸಿ ಅಂಟಿನ ಯಂತ್ರ ಬಂತು. ಯಂತ್ರದ ಜೊತೆಗೆ ಬೆಂಗಳೂರಿನಿಂದ ಮ್ಯಾನೇಜರ್ ಮೂರ್ತಿಯವರೂ ಬಂದರು. ಒಳ್ಳೆಯ ಮನುಷ್ಯ, ಲೆಕ್ಕದಲ್ಲಿ ಚುರುಕು, ನನ್ನ ಮಗಳ ಮದುವೆಗೆ ಓಡಾಡಿದವರು. ಆದರೆ ಅವರ ಕಣ್ಣಿಗೆ ಪುಸ್ತಕವೆಂದರೆ ಅಂಚು ನೇರವಾಗಿರುವ ಒಂದು ಪೆಟ್ಟಿಗೆ. ನಾವಿಬ್ಬರೂ ಹನ್ನೆರಡು ವರ್ಷ ಜಗಳವಾಡುತ್ತಲೇ ಚೆನ್ನಾಗಿದ್ದೆವು.

ಈಗ ಹೇಳಬೇಕಾದ ಕೆಲಸಕ್ಕೆ ಬರುತ್ತೇನೆ. ನಾನು ನಿವೃತ್ತಳಾಗುವುದಕ್ಕೆ ಇನ್ನು ಒಂದು ವರ್ಷವೂ ಇರಲಿಲ್ಲ. ಕ್ರಿಸ್ಮಸ್ ಕಳೆದ ವಾರ ಒಬ್ಬ ಚೀನೀ ಮುದುಕರು ಮಗಳೊಂದಿಗೆ ಅಂಗಡಿಗೆ ಬಂದರು. ಮುದುಕರ ಹೆಸರು ಲಿಯು. ಮುಹರಕ್ ಕಡೆಯ ಚೀನೀ ಮಾರುಕಟ್ಟೆಯಲ್ಲಿ ದೀಪಗಳ ಅಂಗಡಿ ಇಟ್ಟವರು. ಈಗ ಅಂಗಡಿ ನಡೆಸುವವಳು ಮಗಳು ಮೇಯ್. ನಲವತ್ತರ ಹೆಂಗಸು. ಗಿರಾಕಿಗಳಿಂದ ಕಲಿತ ಅವಳ ಹಿಂದಿ ನನ್ನ ಹಿಂದಿಗಿಂತ ಚೆನ್ನಾಗಿತ್ತು.

ನೀಲಿ ಬಟ್ಟೆಯ ಗಂಟು ಬಿಚ್ಚಿದರು. ಒಳಗೆ ಒಂದು ತೆಳ್ಳಗಿನ ಪುಸ್ತಕ. ಹೊಲಿಗೆಯ ದಾರ ಹರಿದಿತ್ತು, ಮೇಲಿನ ಹೊದಿಕೆ ಸಡಿಲವಾಗಿತ್ತು, ಒಂದೆರಡು ಕಡೆ ಹುಳದ ತೂತು. ಇದು ತಮ್ಮ ಕುಲದ ವಂಶಾವಳಿ, ಹೊಲಿಗೆ ಮಾತ್ರ ಹೊಸದಾಗಿ ಹಾಕಿಕೊಡಿ, ಬೇರೇನೂ ಬೇಡ ಎಂದು ಮೇಯ್ ಎರಡು ಸಲ ಹೇಳಿದಳು. ವಸಂತದಲ್ಲಿ ಊರಿಗೆ ಕೊಂಡುಹೋಗಬೇಕು ಎಂದಳು. ನಾನು ಆಗಲಿ ಎಂದೆ. ಮುದುಕರು ಎರಡು ಕೈಯಲ್ಲಿ ಹಿಡಿದು ಕೊಟ್ಟರು, ನಾನು ಒಂದು ಕೈಯಲ್ಲಿ ತೆಗೆದುಕೊಂಡೆ. ಇನ್ನೊಂದು ಕೈಯಲ್ಲಿ ಗಂಜಿಯ ಕುಂಚ ಇತ್ತು.

ಮಾರನೆಯ ದಿನ ಬೆಳಿಗ್ಗೆ ದಾರ ಬಿಡಿಸಿ ಹಾಳೆಗಳನ್ನು ನೋಡಿದೆ. ಪ್ರತಿ ಹಾಳೆಯೂ ಹೊರ ಅಂಚಿನಲ್ಲಿ ಕೂಡಿಕೊಂಡಿತ್ತು. ಅಂಚು ಬಿಡಿಸದ ಪುಸ್ತಕ! ಇಷ್ಟು ವರ್ಷ ಒಂದು ಕುಟುಂಬ ಇದನ್ನು ಹೀಗೇ ಇಟ್ಟುಕೊಂಡಿದೆಯಲ್ಲ, ಯಾರೂ ಇವರಿಗೆ ಬಿಡಿಸಿಕೊಟ್ಟಿಲ್ಲವಲ್ಲ ಎಂದು ನನಗೆ ಅಯ್ಯೋ ಅನಿಸಿತು. ಚಾಕು ತೆಗೆದುಕೊಂಡೆ. ಮೊದಲ ಹಾಳೆ ಬಿಡಿಸಿದರೆ ಒಳಗೆ ಖಾಲಿ. ಎರಡನೆಯದೂ ಖಾಲಿ. ಬೇರೆ ಯಾರಾದರೂ ಅಲ್ಲೇ ನಿಲ್ಲಿಸುತ್ತಿದ್ದರು. ನಾನು ಇಗರ್ಜಿಯವಳು. ನಮ್ಮ ಮನೆಗಳ ದೊಡ್ಡ ಬೈಬಲಿನ ನಡುವೆ ಹುಟ್ಟು, ಮದುವೆ, ಸಾವು ಬರೆಯಲು ಖಾಲಿ ಪುಟ ಬಿಟ್ಟಿರುತ್ತಾರೆ. ಅಂಥ ಪುಟಗಳನ್ನು ಸಾವಿರಗಟ್ಟಲೆ ಹೊಲಿದ ಕೈ ನನ್ನದು. ವಂಶದ ಪುಸ್ತಕ ಅಂದ ಮೇಲೆ ಮುಂದಿನ ಮಕ್ಕಳ ಹೆಸರು ಬರೆಯಲು ಜಾಗ ಬಿಟ್ಟಿದ್ದಾರೆ, ಪಾಪ, ತೆರೆಯಲು ಗೊತ್ತಾಗಿಲ್ಲ ಎಂದುಕೊಂಡೆ. ಉಪಕಾರ ಮಾಡುತ್ತಿದ್ದೇನೆ ಎಂಬ ಖುಷಿಯಲ್ಲಿ ಕೊಂಕಣಿ ಹಾಡು ಗುನುಗಿಕೊಂಡು ಬಿಡಿಸುತ್ತ ಹೋದೆ.

ಹತ್ತೊಂಬತ್ತನೆಯ ಹಾಳೆಯಲ್ಲಿ ಕೈ ನಿಂತಿತು. ಕಿಟಕಿಯ ಬಿಸಿಲು ಸರಿಯಾಗಿ ಅಂಚಿನ ಮೇಲೆ ಬಿದ್ದಿತ್ತು. ಅಂಚಿನಲ್ಲಿ ಮೇಲಿನಿಂದ ಕೆಳಗೆ ಒಂದು ಸಾಲು ಅಕ್ಷರ ಇದ್ದವು, ಪ್ರತಿ ಅಕ್ಷರವೂ ನಡುವೆ ಸೀಳಿತ್ತು. ಅರ್ಧ ಈ ಕಡೆ, ಅರ್ಧ ಆ ಕಡೆ. ಆಗ ತಿಳಿಯಿತು. ಅವರ ತೆಳು ಕಾಗದದಲ್ಲಿ ಒಂದೇ ಬದಿಗೆ ಅಚ್ಚು ಹಾಕಿ, ಅಚ್ಚು ಹೊರಗೆ ಬರುವಂತೆ ಮಡಚುತ್ತಾರೆ. ಬಿಡಿ ಅಂಚು ಹೊಲಿಗೆಯ ಕಡೆಗೆ ಹೋಗುತ್ತದೆ, ಮಡಿಕೆ ಹೊರಗೆ ಉಳಿಯುತ್ತದೆ. ಒಳಗೆ ಖಾಲಿ ಇರಲೇಬೇಕು. ಮಡಿಕೆಯ ಮೇಲಿನ ಆ ಸಾಲಿನಲ್ಲಿ ಕುಲದ ಸಭಾಮಂದಿರದ ಹೆಸರು, ಸಂಪುಟ, ಹಾಳೆಯ ಸಂಖ್ಯೆ ಇರುತ್ತವೆ ಎಂದು ಆಮೇಲೆ ಮೇಯ್ ಹೇಳಿದಳು. ನಾನು ಬಿಡಿಸಿದ್ದಲ್ಲ, ಕಡಿದದ್ದು. ಚಾಕು ಕೆಳಗಿಟ್ಟೆ. ಮೂವತ್ತು ವರ್ಷದ ಅನುಭವ ಇಲ್ಲದವಳಾಗಿದ್ದರೆ ಈ ತಪ್ಪು ಮಾಡುತ್ತಲೇ ಇರಲಿಲ್ಲ. ಹೊಸಬಳಾಗಿದ್ದರೆ ಕೇಳುತ್ತಿದ್ದೆ.

ಮೂರ್ತಿಯವರನ್ನು ಕರೆದು ತೋರಿಸಿದೆ. ಅವರು ಹಾಳೆ ತಿರುಗಿಸಿ ನೋಡಿದರು. ಎಲ್ಲ ಹಾಳೆಗೂ ಹೊಸ ಕಾಗದದ ಬೆನ್ನು ಕೊಟ್ಟು, ಉಳಿದವನ್ನೂ ಸೇರಿಸಿ ಕತ್ತರಿಸುವ ಯಂತ್ರಕ್ಕೆ ಹಾಕಿ ಅಂಚು ಒಂದೇ ಸಮ ಮಾಡಿದರೆ ಪುಸ್ತಕ ಹೊಸದರ ಹಾಗೆ ಕಾಣುತ್ತದೆ ಎಂದರು. ಆ ಸಾಲು ಹೋಗುತ್ತದಲ್ಲ ಎಂದೆ.

"ಅಲ್ಲ ಮೇಡಂ, ಅಂಚಲ್ಲಿರೋದನ್ನ ಯಾರು ಓದ್ತಾರೆ? ನೀಟಾಗಿ ಟ್ರಿಮ್ ಮಾಡಿ ಕೊಟ್ಬಿಡಿ. ಇಷ್ಟು ವರ್ಷದ ಸರ್ವೀಸ್ ನಿಮ್ದು, ಕೊನೇಲಿ ಯಾಕೆ ಹೆಸರು ಕೆಡಿಸ್ಕೋತೀರಾ?"

"ಹೆಸರು ಈಗಾಗ್ಲೇ ಕೆಟ್ಟಾಯ್ತು ಮಾರಾಯ್ರೆ. ಇನ್ನು ಮುಚ್ಚಿದ್ರೆ ನಾನೂ ಕೆಡ್ತೇನೆ, ಅಷ್ಟೇ."

ಮೂರ್ತಿಯವರು ಕೆಟ್ಟವರಲ್ಲ, ನನ್ನ ಮೇಲಿನ ಪ್ರೀತಿಯಿಂದಲೇ ಹಾಗೆ ಹೇಳಿದರು. ನಿಜ ಹೇಳುತ್ತೇನೆ, ಅವರ ಮಾತು ಅರ್ಧ ಗಂಟೆ ನನ್ನ ತಲೆಯಲ್ಲಿ ತಿರುಗುತ್ತಲೇ ಇತ್ತು. ಯಂತ್ರ ಅಲ್ಲೇ ಇತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುತ್ತು ಹೇಗೂ ಒಡೆದಾಗಿದೆ, ಮಾತನ್ನಾದರೂ ನೆಟ್ಟಗೆ ಆಡೋಣ ಎಂದು ಎದ್ದೆ. ಹಾಜಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಕಾರಿನ ಕೀಲಿ ಎತ್ತಿಕೊಂಡರು. ಇದು ಫೋನಿನಲ್ಲಿ ಹೇಳುವ ಮಾತಲ್ಲ, ಯಲ್ಲಾ, ನಡೆ ಎಂದರು. ಸೇತುವೆ ದಾಟಿ ಮುಹರಕ್ ಕಡೆಗೆ ಹೋದೆವು.

ದೀಪದ ಅಂಗಡಿಯಲ್ಲಿ ನೂರಾರು ದೀಪ ಹಗಲಲ್ಲೇ ಉರಿಯುತ್ತಿದ್ದವು. ಹಾಳೆಗಳನ್ನು ಗಾಜಿನ ಮೇಜಿನ ಮೇಲೆ ಇಟ್ಟು ನಡೆದದ್ದನ್ನು ಹೇಳಿದೆ. ಮೇಯ್ ಮುಖ ಕೆಂಪಾಯಿತು. ಹೊಲಿಗೆ ಮಾತ್ರ ಅಂದಿದ್ದೆನಲ್ಲ ಎಂದಳು. ಲಿಯು ಒಂದು ಹಾಳೆಯ ಎರಡು ಅರ್ಧಗಳನ್ನು ಬೆರಳಿನಿಂದ ತಳ್ಳಿ ತಳ್ಳಿ ಅಕ್ಷರ ಕೂಡುವ ತನಕ ಜೋಡಿಸಿದರು. ಆಮೇಲೆ ಮೇಯ್ ಮೂಲಕ ಒಂದೇ ಪ್ರಶ್ನೆ ಕೇಳಿದರು: ಕಡಿದ ಮೇಲೆ ಚೂರೇನಾದರೂ ಬಿಸಾಡಿದ್ದೀರಾ? ಇಲ್ಲ, ಒಂದು ಎಳೆಯೂ ಹೋಗಿಲ್ಲ ಎಂದೆ. ಹಾಗಾದರೆ ನಾಳೆಯಿಂದ ಬಂದು ಕೂರುತ್ತೇನೆ, ನೀವು ಕೂಡಿಸಿ ಎಂದರು.

ಆ ದಿನವೇ ಮೇಯ್ ನನಗೆ ಆ ಪುಸ್ತಕದ ಕಟ್ಟಳೆ ಹೇಳಿದ್ದು. ಮೊದಲೇ ಕೇಳಿದ್ದರೆ ಚಾಕು ಮುಟ್ಟುತ್ತಿರಲಿಲ್ಲ. ಇಡೀ ಕುಲಕ್ಕೆ ಕೆಲವೇ ಪ್ರತಿ, ಒಂದೊಂದು ಕವಲಿಗೆ ಒಂದೊಂದು. ಅದನ್ನು ಕಾಯುವವನು ಒಬ್ಬ. ಮಾರುವಂತಿಲ್ಲ, ಕೆಡಿಸುವಂತಿಲ್ಲ. ವಸಂತದಲ್ಲಿ ಪೂರ್ವಜರ ಗೋರಿ ಗುಡಿಸುವ ಹಬ್ಬಕ್ಕೆ ಎಲ್ಲ ಕವಲಿನವರೂ ತಮ್ಮ ಪ್ರತಿ ತಂದು ಮಂದಿರದಲ್ಲಿ ಇಡಬೇಕು. ಹಿರಿಯರು ಹಾಳೆ ಹಾಳೆ ತಿರುವಿ, ಮಡಿಕೆಯ ಮೇಲಿನ ಸಾಲನ್ನು ಮಂದಿರದ ಪ್ರತಿಯೊಂದಿಗೆ ತಾಳೆ ನೋಡುತ್ತಾರೆ. ಒಂದು ತಲೆಮಾರಿಗೊಮ್ಮೆ ಇಡೀ ಪುಸ್ತಕವನ್ನು ಹೊಸದಾಗಿ ಅಚ್ಚು ಹಾಕಿಸುತ್ತಾರೆ. ಅದು ಈ ವಸಂತಕ್ಕೆ ಬಂದಿತ್ತು. ಇದುವರೆಗೆ ಹೆಣ್ಣುಮಕ್ಕಳ ಹೆಸರು ಬರೆಯುತ್ತಿರಲಿಲ್ಲ. ಈ ಸಲ ಬರೆಯಬಹುದು ಎಂದು ತೀರ್ಮಾನವಾಗಿತ್ತು. ಆದರೆ ಯಾರ ಹೆಸರು ಬರೆಯಬೇಕೆಂದು ಕೊಡುವವನು ಆ ಕವಲಿನ ಪುಸ್ತಕ ಕಾಯುವವನೇ. ಲಿಯು ಅವರಿಗೆ ಗಂಡುಮಕ್ಕಳಿಲ್ಲ, ಮೇಯ್ ಒಬ್ಬಳೇ. ಲಿಯು ಅವರ ಚಿಕ್ಕಪ್ಪನ ಮಗನೊಬ್ಬ ಪುಸ್ತಕ ತನಗೆ ಬರಬೇಕೆಂದು ವರ್ಷಗಳಿಂದ ಕಾದು ಕೂತಿದ್ದ. ಕೆಟ್ಟ ಪುಸ್ತಕ ತಂದ ಎಂದು ಹಿರಿಯರು ಲಿಯು ಕೈಯಿಂದ ಅದನ್ನು ಕಿತ್ತುಕೊಂಡರೆ ಅದು ಆ ಚಿಕ್ಕಪ್ಪನ ಮಗನಿಗೆ ಹೋಗುತ್ತದೆ, ಅವನು ಮೇಯ್ ಹೆಸರು ಕೊಡುವುದಿಲ್ಲ. ಲಿಯು ಹೆಸರಿನ ಕೆಳಗೆ 'ಇಲ್ಲಿಗೆ ಮುಗಿಯಿತು' ಎಂಬ ಅರ್ಥದ ಒಂದು ಚೀನೀ ಅಕ್ಷರ ಬೀಳುತ್ತದೆ. ಮೇಯ್ ಇದನ್ನೆಲ್ಲ ವ್ಯಾಪಾರದ ಮಾತಿನ ಹಾಗೆ ಹೇಳಿದಳು, ಆದರೆ ಹೇಳುವಾಗ ಒಂದು ದೀಪದ ಸ್ವಿಚ್ಚನ್ನು ಹಾಕಿ ಆರಿಸಿ ಮಾಡುತ್ತಲೇ ಇದ್ದಳು.

ಕೂಡಿಸುವ ಕೆಲಸ ಹೀಗೆ. ಹಾಳೆಯ ಎರಡು ಅರ್ಧಗಳನ್ನು ಅಚ್ಚು ಕೆಳಗೆ ಮಾಡಿ ಗಾಜಿನ ಮೇಲೆ ಹರಡಬೇಕು. ಕೆಳಗೆ ಕನ್ನಡಿ ಇಟ್ಟರೆ ಅಕ್ಷರ ಕೂಡಿತೇ ಎಂದು ಕಾಣುತ್ತದೆ. ಹಿಪ್ಪುನೇರಳೆ ನಾರಿನ ತೆಳು ಕಾಗದವನ್ನು ಕಿರುಬೆರಳ ಅಗಲಕ್ಕೂ ಕಡಿಮೆ ಪಟ್ಟಿಯಾಗಿ, ಕತ್ತರಿಯಿಂದಲ್ಲ, ನೀರಿನ ಗೆರೆ ಎಳೆದು ಹರಿಯಬೇಕು. ಹರಿದ ಅಂಚಿನ ನಾರು ಹಾಳೆಯನ್ನು ಹಿಡಿದುಕೊಳ್ಳುತ್ತದೆ. ಗಂಜಿ ತಿಳಿಯಷ್ಟು ತೆಳ್ಳಗಿರಬೇಕು. ದಪ್ಪವಾದರೆ ಮಡಿಕೆ ಗಟ್ಟಿಯಾಗಿ ಮತ್ತೆ ಅಲ್ಲೇ ಒಡೆಯುತ್ತದೆ, ನೀರಾದರೆ ಕಾಗದ ಹಿಗ್ಗಿ ಅಕ್ಷರ ತಪ್ಪುತ್ತದೆ. ಮೊದಲ ಮೂರು ದಿನ ನಾನು ಅವರ ಹಾಳೆ ಮುಟ್ಟಲೇ ಇಲ್ಲ. ದೀಪಗಳಿಗೆ ಸುತ್ತಿ ಬಂದ ತೆಳು ಕಾಗದವನ್ನು ಕಡಿದು ಕೂಡಿಸಿ, ಕಡಿದು ಕೂಡಿಸಿ ಕೈ ಪಳಗಿಸಿಕೊಂಡೆ. ನಾಲ್ಕನೆಯ ದಿನ ಮೊದಲ ಹಾಳೆ. ಒಂದು ದಿನಕ್ಕೆ ಎರಡಕ್ಕಿಂತ ಹೆಚ್ಚು ಮಾಡಲಿಲ್ಲ.

ಲಿಯು ಬಿಸಿನೀರಿನ ಫ್ಲಾಸ್ಕಿನೊಂದಿಗೆ ಎದುರು ಕೂರುತ್ತಿದ್ದರು. ಮಧ್ಯಾಹ್ನ ಮೇಯ್ ಬಂದರೆ ಪುಸ್ತಕದ ಮೊದಲ ಹೆಸರಿನ ಕಥೆ ಹೇಳುತ್ತಿದ್ದರು, ಅವಳು ಹಿಂದಿ ಮಾಡುತ್ತಿದ್ದಳು. ಋಷಿಮೂಲ ನದೀಮೂಲ ಹುಡುಕಬಾರದು ಎನ್ನುವ ನಾಡಿನವಳು ನಾನು. ಇವರು ಎರಡು ಸಾವಿರ ವರ್ಷದ ಮೂಲವನ್ನು ಹಾಳೆ ಸಂಖ್ಯೆ ಹಾಕಿ ಇಟ್ಟಿದ್ದರು. ಕುಲದ ಮೂಲಪುರುಷ ಹಾನ್ ವಂಶದ ಚಕ್ರವರ್ತಿಯೊಬ್ಬನ ಒಂಬತ್ತನೆಯ ಮಗ. ಪಟ್ಟ ಅವನದಲ್ಲ, ತಮ್ಮನಿಗೆ ಹೋಯಿತು. ಇವನನ್ನು ಝೋಂಗ್‌ಶಾನ್ ಎಂಬ ಸಣ್ಣ ನಾಡಿಗೆ ಅರಸು ಮಾಡಿ ಕಳಿಸಿದರು. ಹಾಡು ಬೇಕು, ಕುಡಿತ ಬೇಕು, ಮಕ್ಕಳು ನೂರಿಪ್ಪತ್ತಕ್ಕೂ ಹೆಚ್ಚು. ನಮ್ಮ ಧೃತರಾಷ್ಟ್ರ ಕೂಡ ನೂರೊಂದಕ್ಕೆ ನಿಲ್ಲಿಸಿದ್ದ ಎಂದು ನಾನು ಹೇಳಿದೆ. ಮೇಯ್ ಅದನ್ನು ಅನುವಾದಿಸಿದಾಗ ಮುದುಕರು ಬಿಸಿನೀರು ಚೆಲ್ಲುವಷ್ಟು ನಕ್ಕರು. ಕಡಿದ ಮೇಲೆ ಅವರು ನಕ್ಕದ್ದು ಅದೇ ಮೊದಲು.

ಆ ಕಾಲದಲ್ಲಿ ರಾಜಕುಮಾರರ ಮೇಲೆ ಕಣ್ಣಿಡಲು ರಾಜಧಾನಿಯಿಂದ ಅಧಿಕಾರಿಗಳು ಬರುತ್ತಿದ್ದರಂತೆ. ಸಣ್ಣ ತಪ್ಪನ್ನೂ ಬೆಟ್ಟ ಮಾಡಿ ಬರೆದು ಕಳಿಸುವುದು, ಸೇವಕರನ್ನು ಹೊಡೆದು ಯಜಮಾನನ ಮೇಲೆ ಸಾಕ್ಷಿ ಹೇಳಿಸುವುದು. ಒಮ್ಮೆ ತಮ್ಮನ ಆಸ್ಥಾನದ ಔತಣದಲ್ಲಿ ಸಂಗೀತ ಶುರುವಾದ ಕೂಡಲೇ ಈ ಅಣ್ಣ ಅಳತೊಡಗಿದ. ಯಾಕೆಂದು ಕೇಳಿದ್ದಕ್ಕೆ, ಕೂದಲು ಊದಿ ಊದಿ ಕೆಳಗಿನ ಕಲೆ ಹುಡುಕುವವರ ಕೈಯಲ್ಲಿ ನಾವೆಲ್ಲ ಹೇಗೆ ಬದುಕುವುದು ಎಂದು ಎಲ್ಲರೆದುರೇ ಹೇಳಿದ. ನಾವು ಮೊಸರಿನಲ್ಲಿ ಕಲ್ಲು ಹುಡುಕುವುದು ಅನ್ನುತ್ತೇವಲ್ಲ, ಅದೇ. ಚಕ್ರವರ್ತಿ ಆ ಕಿರುಕುಳ ನಿಲ್ಲಿಸಿದ. ಆದರೆ ಅವನು ಜಾಣ. ಇನ್ನು ಮೇಲೆ ಅರಸನ ನಾಡು ಒಬ್ಬ ಮಗನಿಗಲ್ಲ, ಎಲ್ಲ ಮಕ್ಕಳಿಗೂ ಹಂಚಬೇಕು ಎಂದು ಆಜ್ಞೆ ಹೊರಡಿಸಿದ. ಕೇಳಲು ದೊಡ್ಡ ಔದಾರ್ಯ. ಹಂಚಿ ಹಂಚಿ ಕೆಲವು ತಲೆಮಾರುಗಳಲ್ಲಿ ಅರಸನ ಮೊಮ್ಮಕ್ಕಳು ನೇಗಿಲು ಹಿಡಿದರು. ಲಿಯು ಅವರ ಕವಲಿನವರು ಅಲ್ಲಿಂದ ದಕ್ಷಿಣಕ್ಕೆ ಬಂದು ಚಾಪೆ ಹೆಣೆದರು, ಗದ್ದೆ ಮಾಡಿದರು, ಒಬ್ಬ ದೀಪ ಮಾರಲು ಸಮುದ್ರ ದಾಟಿದ.

ಆ ರಾಜಕುಮಾರನ ಗೋರಿ ನಮ್ಮ ಕಾಲದಲ್ಲೇ ಸಿಕ್ಕಿತಂತೆ. ಮೇಯ್ ಫೋನಿನಲ್ಲಿ ಚಿತ್ರ ತೋರಿಸಿದಳು. ಮೈಮೇಲೆ ತಲೆಯಿಂದ ಕಾಲಿನವರೆಗೆ ಹಸಿರು ಕಲ್ಲಿನ ಉಡುಪು. ಎರಡು ಸಾವಿರಕ್ಕೂ ಹೆಚ್ಚು ಬಿಲ್ಲೆ, ಪ್ರತಿ ಬಿಲ್ಲೆಯ ಮೂಲೆಯಲ್ಲಿ ತೂತು, ತೂತಿನಲ್ಲಿ ಚಿನ್ನದ ದಾರ. ನಾನು ಚಿತ್ರ ದೊಡ್ಡದು ಮಾಡಿ ಗಂಟು ನೋಡಿದೆ. ಎಲ್ಲರೂ ರಾಜಕುಮಾರನನ್ನು ನೋಡುತ್ತಾರೆ, ನೀವು ಹೊಲಿಗೆ ನೋಡುತ್ತೀರಿ ಎಂದು ಮೇಯ್ ಹೇಳಿದಳು. ನೋಡದೆ ಏನು? ಅರಸ ಮಣ್ಣಾಗಿ ಹೋಗಿದ್ದಾನೆ, ಹೊಲಿದವನ ಕೈ ಇನ್ನೂ ಕಾಣುತ್ತದೆ. ಅಂಥವರ ಕಸುಬು ನನ್ನದು ಎಂದು ಆ ದಿನ ನನಗೆ ಬಹಳ ಹೆಮ್ಮೆಯಾಯಿತು, ಇವತ್ತಿಗೂ ಇದೆ.

ಮೂರ್ತಿಯವರು ಒಂದು ಸಲ ನಡುವೆ ಬಂದು, ಎಲ್ಲರ ಮೂಲಪುರುಷನೂ ರಾಜನೇ ಆಗಿರುತ್ತಾನಲ್ಲ ಮೇಡಂ, ಬಾಣಸಿಗ ಯಾಕೆ ಯಾರ ಮೂಲಪುರುಷನೂ ಆಗಿರುವುದಿಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿದರು. ಮೇಯ್‌ಗೆ ಅದರ ಗುಟ್ಟು ಹೇಗೋ ತಿಳಿಯಿತು. ತನಗೂ ಸಂಶಯವಿದೆ, ನಡುವಿನ ಕೆಲವು ತಲೆಮಾರುಗಳನ್ನು ಯಾರೋ ಕೂಡಿಸಿರಬಹುದು ಎಂದು ನಕ್ಕಳು. ಅವಳು ಅದನ್ನು ತಂದೆಗೂ ಅನುವಾದಿಸಿದಳು. ಲಿಯು ನಗಲಿಲ್ಲ. ಗಾಜಿನ ಮೇಲೆ ಒಣಗುತ್ತಿದ್ದ ಹಾಳೆ ನೋಡುತ್ತ ನಿಧಾನವಾಗಿ ಹೇಳಿದರು, ಅವಳು ಒಂದೊಂದೇ ಮಾತು ಹಿಂದಿ ಮಾಡಿದಳು.

"ರಾಜಕುಮಾರ ಸುಳ್ಳಿದ್ದರೂ ಇರಲಿ. ನನ್ನ ಅಪ್ಪ ಸುಳ್ಳಲ್ಲ, ವಂಶಾವಳಿಗಳನ್ನು ಸುಡುತ್ತಿದ್ದ ಕಾಲದಲ್ಲಿ ಇದನ್ನು ಅಕ್ಕಿಯ ಮಡಕೆಯಲ್ಲಿ ಬಚ್ಚಿಟ್ಟು ಉಳಿಸಿದವನು. ಇವಳು ಸುಳ್ಳಲ್ಲ. ಅವನಿಗೆ ನೂರಿಪ್ಪತ್ತು ಮಕ್ಕಳು, ನನಗೆ ಒಬ್ಬಳು. ಆ ಒಬ್ಬಳನ್ನೂ ಬರೆಯದಿದ್ದರೆ ನಾನು ಕಾದದ್ದು ಯಾರಿಗಾಗಿ?"

ನಾನು ಗಂಜಿ ಕಾಯಿಸಲು ಒಳಗೆ ಹೋದೆ, ಗಂಜಿ ಆಗಲೇ ಕಾಯಿಸಿಟ್ಟದ್ದಿತ್ತು.

ಹತ್ತೊಂಬತ್ತೂ ಮುಗಿದ ಮೇಲೆ ನಾಲ್ಕು ತೂತಿನ ಅವರ ಹೊಲಿಗೆಯನ್ನು, ಹಳೆಯ ತೂತಿನಲ್ಲೇ, ರೇಷ್ಮೆ ದಾರದಿಂದ ಹಾಕಿದೆ. ಪಟ್ಟಿ ಬೆಳಕಿಗೆ ಹಿಡಿದರೆ ಕಾಣುತ್ತಿತ್ತು. ಬಣ್ಣ ಹಾಕಿ ಮರೆಸಬಹುದಿತ್ತು, ಮರೆಸಲಿಲ್ಲ. ಯಾವ ಯಾವ ಹಾಳೆ ಕಡಿದುಹೋಯಿತು, ಯಾರಿಂದ, ಹೇಗೆ ಕೂಡಿಸಿದ್ದು ಎಂದು ಒಂದು ಚೀಟಿ ಬರೆದೆ, ಮೇಯ್ ಅದನ್ನು ಚೀನಿಯಲ್ಲಿ ಬರೆದಳು. ಕೊನೆಯ ಹೊದಿಕೆಯ ಒಳಗೆ ಅಂಟಿಸಿದೆವು. ಲಿಯು ಪೆನ್ನು ಕೊಟ್ಟು, ನಿಮ್ಮ ಅಕ್ಷರದಲ್ಲಿ ಸಹಿ ಮಾಡಿ ಎಂದರು. ಕನ್ನಡದಲ್ಲಿ ಸೆವ್ರಿನ್ ಎಂದು ಬರೆದೆ. ಇಲ್ಲಿಯ ಗುರುತಿನ ಚೀಟಿಯಾದ ನನ್ನ ಸಿಪಿಆರ್ ಕಾರ್ಡಿನಲ್ಲಿ ಅರಬ್ಬಿ, ಪಾಸ್‌ಪೋರ್ಟಿನಲ್ಲಿ ಇಂಗ್ಲಿಷ್. ನನ್ನ ಹೆಸರು ಕನ್ನಡದಲ್ಲಿರುವ ಒಂದೇ ಗಟ್ಟಿ ದಾಖಲೆ ಈಗ ಒಬ್ಬ ಚೀನೀ ರಾಜಕುಮಾರನ ವಂಶಾವಳಿಯಲ್ಲಿದೆ. ಅವರಿಂದ ಕೂಲಿ ತೆಗೆದುಕೊಳ್ಳುವ ಮಾತನ್ನು ಹಾಜಿ ಎತ್ತಲೇ ಇಲ್ಲ.

ವಸಂತದಲ್ಲಿ ಅವರು ಊರಿಗೆ ಹೋದರು. ನಾನು ಪ್ರಾರ್ಥಿಸಿ ಪ್ರಾರ್ಥಿಸಿ ಬಡಪಾಯಿ ಸಂತರನ್ನೆಲ್ಲ ಕಾಡಿದೆ. ಈಸ್ಟರ್ ವಾರದಲ್ಲಿ ಮೇಯ್ ಫೋನ್ ಮಾಡಿ, ಪುಸ್ತಕ ಒಪ್ಪಿದರು, ಕಾಯುವುದು ಅಪ್ಪನ ಹತ್ತಿರವೇ ಉಳಿಯಿತು, ತನ್ನ ಹೆಸರು ಅಚ್ಚಿಗೆ ಹೋಯಿತು ಎಂದಳು. ಅಷ್ಟೇ ಹೇಳಿದಳು. ನಾನು ಫೋನಿಟ್ಟು ಮೂರ್ತಿಯವರಿಗೆ ಜಿಲೇಬಿ ತರಿಸಿಕೊಟ್ಟೆ. ಟ್ರಿಮ್ ಮಾಡಿದ್ದರೆ ತಾಳೆ ನೋಡಲು ಸಾಲೇ ಇರುತ್ತಿರಲಿಲ್ಲ ಎಂದು ಅವರೇ ಒಪ್ಪಿಕೊಂಡು ಎರಡು ತಿಂದರು.

ಬೇಸಿಗೆ ಕಳೆದು ನನ್ನ ಕೆಲಸದ ಕೊನೆಯ ವಾರ ಬಂತು. ಮೇಯ್ ಮತ್ತು ಲಿಯು ಒಂದು ರಟ್ಟಿನ ಪೆಟ್ಟಿಗೆ ಹಿಡಿದು ಬಂದರು. ಮುದುಕರು ಕೂರುವಾಗ ಮಂಡಿ ಹಿಡಿದುಕೊಂಡು ಕೂತರು. ಮಂಡಿಗೆ ಏನಾಯಿತು ಎಂದು ಕೇಳಿದೆ. ಮೇಯ್ ತಂದೆಯ ಮುಖ ನೋಡಿದಳು, ಆಮೇಲೆ ಹೇಳಿದಳು. ಪರೀಕ್ಷೆಯ ದಿನ ಹಿರಿಯರು ಹತ್ತೊಂಬತ್ತು ಹಾಳೆಯನ್ನೂ ಬೆಳಕಿಗೆ ಹಿಡಿದರಂತೆ. ಪುಸ್ತಕ ಕಿತ್ತುಕೊಳ್ಳಿ ಎಂದು ಚಿಕ್ಕಪ್ಪನ ಮಗ ಕೂಗಿದನಂತೆ. ಸಾಲು ಒಂದೂ ತಪ್ಪಿಲ್ಲ, ಏನನ್ನೂ ಮುಚ್ಚಿಟ್ಟಿಲ್ಲ, ಪುಸ್ತಕ ಇವನ ಹತ್ತಿರವೇ ಇರಲಿ, ಆದರೆ ಕೆಟ್ಟದ್ದಕ್ಕೆ ದಂಡ ದಂಡವೇ ಎಂದು ಹಿರಿಯರು ತೀರ್ಪು ಕೊಟ್ಟರಂತೆ. ದಂಡವೆಂದರೆ ಪೂರ್ವಜರ ಹೆಸರು ಬರೆದ ಹಲಗೆಗಳ ಮುಂದೆ ಒಂದು ಊದುಬತ್ತಿ ಉರಿದು ಮುಗಿಯುವ ತನಕ ಕಲ್ಲಿನ ಮೇಲೆ ಮಂಡಿಯೂರುವುದು. ಎಪ್ಪತ್ತಾರು ವರ್ಷದ ಆ ಮನುಷ್ಯ ಊರಿದರು. ಕಡಿದವಳು ಬೈಂಡರು ಎಂದು ಚೀಟಿಯಲ್ಲೇ ಇತ್ತು, ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ದಂಡ ತಪ್ಪುತ್ತಿತ್ತೇನೋ. ಹೇಳಲಿಲ್ಲವಂತೆ.

ನನ್ನ ತಪ್ಪಿಗೆ ನೀವು ಯಾಕೆ ಮಂಡಿಯೂರಿದಿರಿ ಎಂದು ನೇರವಾಗಿ ಅವರನ್ನೇ ಕೇಳಿದೆ, ಮೇಯ್ ಅನುವಾದಿಸಿದಳು.

"ಕಾಯುವವನು ನಾನು. ನಿಮ್ಮ ಕೈಗೆ ಕೊಟ್ಟವನೂ ನಾನು. ಸರಿಯಾದ ಕೈಗೇ ಕೊಟ್ಟಿದ್ದೆ."

ಹೇಳಿ ಪೆಟ್ಟಿಗೆಯ ಮುಚ್ಚಳ ತೆಗೆದರು. ಒಳಗೆ ಹೊಸ ಅಚ್ಚಿನ ಹಾಳೆಗಳು, ಮಡಚಿಲ್ಲ, ಹೊಲಿದಿಲ್ಲ. ಊರಿನಲ್ಲಿ ಎಲ್ಲ ಕವಲಿಗೂ ಮಂದಿರದವರೇ ಹೊಲಿದು ಕೊಡುತ್ತಿದ್ದರಂತೆ. ತಮ್ಮ ಪ್ರತಿಯನ್ನು ಬಿಡಿಯಾಗಿಯೇ ಕೊಡಿ, ನಮಗೆ ಬಹರೈನಿನಲ್ಲಿ ಬೈಂಡರ್ ಇದ್ದಾರೆ ಎಂದು ಲಿಯು ಹಟ ಮಾಡಿ ತಂದಿದ್ದರು.

ನಾನು ಕೈ ತೊಳೆದು ಬಂದು ಕೂತೆ. ಈ ಸಲ ಎರಡು ಕೈಯಲ್ಲೂ ತೆಗೆದುಕೊಂಡೆ. ಅಚ್ಚು ಹೊರಗೆ, ಖಾಲಿ ಒಳಗೆ, ಸಾಲು ಸರಿಯಾಗಿ ಮಡಿಕೆಯ ಮೇಲೆ. ಒಂದೊಂದೇ ಹಾಳೆ ಮಡಚಿ ಜೋಡಿಸುತ್ತ ಹೋದೆ, ಮೂರು ದಿನ ಹಿಡಿಯಿತು. ಮೂರನೆಯ ದಿನ ಮಧ್ಯಾಹ್ನ ಮೇಯ್ ನನ್ನ ಕೈ ಹಿಡಿದು ನಿಲ್ಲಿಸಿದಳು. ಆ ಹಾಳೆಯಲ್ಲಿ ಬೆರಳಿಟ್ಟು ಓದಿದಳು, ಮೊದಲು ಚೀನಿಯಲ್ಲಿ, ತಂದೆ ಕೇಳುವಂತೆ. ಆಮೇಲೆ ನನಗೆ ಹಿಂದಿಯಲ್ಲಿ: ಇದು ಅಪ್ಪ. ಅವರ ಕೆಳಗೆ, ಮಗಳು ಮೇಯ್.

ಲಿಯು ಎದ್ದು ಬಂದು ನನ್ನ ಹಿಂದೆ ನಿಂತರು. ಆ ಹಾಳೆಯ ಮಡಿಕೆಯನ್ನು ನಾನು ಎರಡು ಸಲ ಒತ್ತಿದೆ.